ಸುಸ್ತು, ಜೋಮು, ಬಾಯಿ ಹುಣ್ಣು: ವಿಟಮಿನ್ ಕೊರತೆ ಹೌದೋ ಅಲ್ವೋ ಅಂತ ನೋಡ್ಕೊಳ್ಳೋ ಕ್ರಮ

ನಾನು ಡಾಕ್ಟರ್ ಅಲ್ಲ, ಲ್ಯಾಬ್ ಟೆಕ್ನಿಷಿಯನ್. ವಿಟಮಿನ್ ಬಿ12 ಟೆಸ್ಟಿಗೆ ಅಂತ ಬಂದು ಕೂತೋರನ್ನ "ವಿಟಮಿನ್ ಮಾತ್ರೆ, ಇಂಜೆಕ್ಷನ್ ಏನಾದ್ರೂ ತಗೊಂಡಿದ್ದೀರಾ" ಅಂತ ಕೇಳಿದ್ರೆ ಬಹಳ ಜನ ಹೇಳೋದು ಒಂದೇ: "ಹೂಂ, ಮೆಡಿಕಲ್ ಶಾಪಲ್ಲಿ ಕೇಳಿ ಹತ್ತು ದಿನದಿಂದ ತಗೋತಿದ್ದೀನಿ, ಕಡಿಮೆ ಆಗ್ಲಿಲ್ಲ, ಅದಕ್ಕೆ ಒಂದ್ಸಲ ಟೆಸ್ಟ್ ಮಾಡಿಸೋಣ ಅಂತ". ಅಷ್ಟೊತ್ತಿಗೆ ರಕ್ತದಲ್ಲಿ ಬಿ12 ಏರಿರತ್ತೆ, ರಿಪೋರ್ಟ್ ನಾರ್ಮಲ್ ಅಂತ ಬರತ್ತೆ, ಬಿ12 ಕೊರತೆಯಿಂದ ನರಕ್ಕೆ ಆಗ್ತಿರೋ ಪೆಟ್ಟು ಮಾತ್ರ ಒಳಗೊಳಗೇ ನಡೀತಿರ್ಬಹುದು. ಲಕ್ಷಣ ಗೊತ್ತಿಲ್ದೆ ಜನ ಎಡವ್ತಿಲ್ಲ, ಗೂಗಲ್ ಮಾಡಿ ಎಲ್ಲಾ ತಿಳ್ಕೊಂಡೇ ಬಂದಿರ್ತಾರೆ. ಎಡವೋದು ಕ್ರಮದಲ್ಲಿ. ಬರೆದಿಡೋದು, ಮೈ ನೋಡ್ಕೊಳ್ಳೋದು, ಟೆಸ್ಟ್, ಆಮೇಲೆ ಮಾತ್ರೆ, ಹೀಗೆ ಹೋಗ್ಬೇಕಾದ್ದು ಹಿಂದುಮುಂದಾಗತ್ತೆ.

ಏನೇನು ಬೇಕು

ಒಂದು ನೋಟ್‌ಬುಕ್, ಕನ್ನಡಿ, ಟಾರ್ಚ್ ಇರೋ ಮೊಬೈಲು, ಬೆಳಗಿನ ಬೆಳಕು ಬೀಳೋ ಕಿಟಕಿ. ಟ್ಯೂಬ್‌ಲೈಟಲ್ಲಿ ನೋಡ್ಬೇಡಿ, ಎಲ್ರೂ ಬಿಳಿಚಿಕೊಂಡ ಹಾಗೇ ಕಾಣ್ತಾರೆ. ಉಗುರಿನ ಬಣ್ಣ ತೆಗೀರಿ, ಮದರಂಗಿ ಹಾಕಿದ್ರೆ ಉಗುರು ಬಿಟ್ಟು ಬೇರೆ ಕಡೆ ನೋಡಿ. ಮನೇಲಿ ತಗೋತಿರೋ ಅಷ್ಟೂ ಮಾತ್ರೆ ಸ್ಟ್ರಿಪ್‌ಗಳನ್ನ ಒಂದು ಕವರಿಗೆ ಹಾಕಿಡಿ, ಶುಗರಿಂದು, ಗ್ಯಾಸ್ಟ್ರಿಕ್‌ದು, ಕೂದಲಿಗೆ ಅಂತ ತರಿಸಿದ ಗಮ್ಮಿ, ಜಿಮ್ ಪೌಡರ್, ಎಲ್ಲಾ. ಹಳೇ ರಿಪೋರ್ಟ್ ಇದ್ರೆ ಅದೂ ಬೇಕು.

ಹಂತ 1: ಕಾಯಬಾರದ ಲಕ್ಷಣ ಇದೆಯಾ ನೋಡಿ

ಮಿಕ್ಕಿದ್ದನ್ನೆಲ್ಲಾ ಓದೋಕೆ ಮುಂಚೆ ಇದೊಂದು. ಒಂದೇ ಕಡೆ ಕೈಕಾಲು ಇದ್ದಕ್ಕಿದ್ದ ಹಾಗೆ ಸೋತ್ರೆ, ಮಾತು ತೊದಲಿದ್ರೆ, ಬಾಯಿ ಸೊಟ್ಟಗಾದ್ರೆ ಅದು ವಿಟಮಿನ್ ವಿಷಯ ಅಲ್ಲ, ಸ್ಟ್ರೋಕ್ ಇರ್ಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಎದೆನೋವು, ಕೂತಲ್ಲೇ ಏದುಸಿರು, ಟಾರಿನ ಹಾಗೆ ಕಪ್ಪಗೆ ಮಲ, ಕಾರಣ ಇಲ್ದೆ ತೂಕ ಇಳಿಯೋದು, ಮೂತ್ರ ಹಿಡಿದಿಟ್ಕೊಳ್ಳೋಕೆ ಆಗ್ದೇ ಇರೋದು, ಇವಕ್ಕೂ ನೋಟ್‌ಬುಕ್ ಬೇಡ, ಡಾಕ್ಟರೇ ಬೇಕು. ತುಂಬಾ ಕುಡಿಯೋರು, ಅಥವಾ ಬಸುರಿಯಲ್ಲಿ ವಾರಗಟ್ಟಲೆ ವಾಂತಿ ಆಗಿ ಏನೂ ನಿಲ್ಲದೋರು ಇದ್ದಕ್ಕಿದ್ದ ಹಾಗೆ ತೂರಾಡ್ತಾ, ಗೊಂದಲದಲ್ಲಿ ಮಾತಾಡ್ತಾ, ಕಣ್ಣು ಎರಡೆರಡಾಗಿ ಕಾಣ್ತಿದೆ ಅಂದ್ರೆ ಅದು ಬಿ1 ತೀರಾ ಕಡಿಮೆ ಆಗಿರೋ ಲಕ್ಷಣ ಇರ್ಬಹುದು, ಆವತ್ತೇ ಆಸ್ಪತ್ರೆಗೆ ಕರ್ಕೊಂಡ್ ಹೋಗ್ಬೇಕು, ನಾಳೆ ನೋಡೋಣ ಅನ್ನೋ ಹಾಗಿಲ್ಲ.

ಇನ್ನೊಂದು ಮಕ್ಕಳದ್ದು. ಬರೀ ಎದೆಹಾಲು ಕುಡಿಯೋ ಆರು ತಿಂಗಳಿಂದ ಒಂದೂವರೆ ವರ್ಷದ ಮಗು, ಮುಂಚೆ ನಗ್ತಿದ್ದಿದ್ದು ನಗಲ್ಲ, ಕೂರ್ತಿದ್ದಿದ್ದು ಕೂರಲ್ಲ, ಮಂಕಾಗಿದೆ, ಕೂದಲು ತೆಳ್ಳಗೆ ಕೆಂಚಗಾಗಿದೆ, ಬೆರಳಿನ ಗೆಣ್ಣು ಕಪ್ಪಾಗಿದೆ, ಕೈ ನಡುಗತ್ತೆ ಅಂದ್ರೆ ತಾಯಿ ಮಗು ಇಬ್ರಿಗೂ ಬಿ12 ಕೊರತೆ ಇರೋ ಸಾಧ್ಯತೆ ಬಹಳ. ಮಗು ಗುಂಡುಗುಂಡಗೇ ಇರ್ಬಹುದು, ಅದನ್ನ ನೋಡಿ ಮೋಸ ಹೋಗ್ಬೇಡಿ. ಬೇಗ ಹಿಡಿದ್ರೆ ಚೆನ್ನಾಗಿ ಚೇತರಿಸ್ಕೊಳ್ಳತ್ತೆ, ತಡ ಆದ್ರೆ ಬುದ್ಧಿ ಬೆಳವಣಿಗೆಗೇ ಪೆಟ್ಟು. ದೃಷ್ಟಿ ತೆಗೆಸ್ತಾ, ಇನ್ನೊಂದು ವಾರ ನೋಡೋಣ ಅಂತ ಕೂರ್ಬೇಡಿ.

ಹಂತ 2: ಒಂದು ವಾರ ಬರೆದಿಡಿ, ಹೊಸ ಮಾತ್ರೆ ಶುರು ಮಾಡ್ಬೇಡಿ

ಡಾಕ್ಟರ್ ಬರೆದು ಕೊಟ್ಟಿರೋದನ್ನ ನೀವೇ ನಿಲ್ಲಿಸ್ಬೇಡಿ, ಆದ್ರೆ ಶಕ್ತಿಗೆ, ನರಕ್ಕೆ, ಕೂದಲಿಗೆ ಅಂತ ಹೊಸದಾಗಿ ಏನನ್ನೂ ಶುರು ಮಾಡ್ಬೇಡಿ. ಪ್ರತಿ ದಿನ ಎರಡೇ ಸಾಲು ಸಾಕು. "ಸುಸ್ತು" ಅಂತ ಬರೆದ್ರೆ ಯಾರಿಗೂ ಉಪಯೋಗ ಇಲ್ಲ, "ಮುಂಚೆ ಎರಡನೇ ಮಹಡಿ ಹತ್ತಿದ್ರೆ ಏನೂ ಆಗ್ತಿರ್ಲಿಲ್ಲ, ಈಗ ಮೊದಲನೇ ಮಹಡಿಗೇ ಎದೆ ಡವಡವ" ಅಂತ ಬರೀರಿ. ಜೋಮು ಇದ್ರೆ ಒಂದು ಕಾಲಲ್ಲೋ ಎರಡರಲ್ಲೂನೋ, ಬೆರಳಲ್ಲೋ ಅಂಗಾಲಲ್ಲೋ, ರಾತ್ರಿ ಜಾಸ್ತಿನಾ. ಬಿ12ದು ಸಾಮಾನ್ಯವಾಗಿ ಎರಡೂ ಕಾಲಿನ ಬೆರಳಿಂದ ಶುರುವಾಗಿ ಕಾಲುಚೀಲ ಹಾಕಿದ ಹಾಗೆ ಮೇಲಕ್ಕೆ ಬರತ್ತೆ. ಸೊಂಟದಿಂದ ಶುರುವಾಗಿ ಒಂದೇ ಕಾಲಿಗೆ ಇಳಿಯೋ ನೋವು ಆದ್ರೆ ಬೆನ್ನುಹುರಿ ಹತ್ರ ನರ ಒತ್ತಿರೋದು ಇರ್ಬಹುದು, ಅದಕ್ಕೆ ವಿಟಮಿನ್ ನುಂಗಿ ಆರು ತಿಂಗಳು ಕಳೆದೋರನ್ನ ನೋಡಿದ್ದೀನಿ.

ಹಂತ 3: ಊಟದ ಲೆಕ್ಕ, ಔಷಧಿ ಲೆಕ್ಕ

ಬಹಳ ಜನ ಬಿಟ್ಟುಬಿಡೋ ಹಂತ ಇದು, ಆದ್ರೆ ಅರ್ಧ ಉತ್ತರ ಇಲ್ಲೇ ಸಿಗತ್ತೆ. ಬಿ12 ಇರೋದು ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಲ್ಲಿ. ಸೊಪ್ಪು, ಕಾಳು, ಮೊಳಕೆ, ಹಣ್ಣಲ್ಲಿ ಇಲ್ಲ. ಇಡ್ಲಿ ಹಿಟ್ಟು ಹುಳಿ ಬಂದ್ರೆ ಬಿ12 ಬರತ್ತೆ ಅನ್ನೋದನ್ನ ನಂಬ್ಕೊಂಡು ಕೂರೋ ಹಾಗಿಲ್ಲ. ದಿನಕ್ಕೆ ದೊಡ್ಡೋರಿಗೆ ಸುಮಾರು 2ರಿಂದ 2.5 ಮೈಕ್ರೋಗ್ರಾಂ ಬೇಕು, ಒಂದು ದೊಡ್ಡ ಲೋಟ ಹಾಲಲ್ಲಿ 1 ಮೈಕ್ರೋಗ್ರಾಂ ಆಸುಪಾಸು ಸಿಗತ್ತೆ. "ನಾವು ಹಾಲು ಮೊಸರು ಚೆನ್ನಾಗಿ ತಗೋತೀವಿ" ಅನ್ನೋ ಮನೆಗಳಲ್ಲಿ ಅಳೆದು ನೋಡಿ, ಎರಡು ಸಲ ಕಾಫಿಗೆ ಬೀಳೋ ಹಾಲು ಸೇರಿ ಅರ್ಧ ಲೋಟ, ಊಟದ ಕೊನೆಗೆ ನೀರುಮಜ್ಜಿಗೆ, ಅಷ್ಟೇ. ಗಟ್ಟಿ ಮೊಸರು ಗಂಡಸರಿಗೂ ಮಕ್ಕಳಿಗೂ ಬಡಿಸಿ ಕೊನೆಗೆ ಊಟಕ್ಕೆ ಕೂರೋ ಹೆಂಗಸರ ಪಾಲಿಗೆ ಎಷ್ಟು ಬರತ್ತೆ ಅಂತ ಅವರನ್ನೇ ಕೇಳಿ ಬರೀರಿ.

ನಾನ್ ವೆಜ್ ತಿನ್ನೋರೂ ಲೆಕ್ಕ ಹಾಕ್ಲೇಬೇಕು. ಸೋಮವಾರ, ಗುರುವಾರ, ಶನಿವಾರ ಬಿಟ್ಟು, ಶ್ರಾವಣ ಬಿಟ್ಟು, ಕಾರ್ತಿಕ ಬಿಟ್ಟು, ಮಾಲೆ ಹಾಕಿದ ದಿನ ಬಿಟ್ಟು ವರ್ಷದಲ್ಲಿ ಎಷ್ಟು ದಿನ ಉಳೀತು, ಆ ದಿನ ತಟ್ಟೇಲಿ ಎಷ್ಟು ತುಂಡು ಬಂತು ಅಂತ ನೋಡಿದ್ರೆ ಎಷ್ಟೋ ಮನೇಲಿ ಅದು ಸಸ್ಯಾಹಾರಕ್ಕೆ ಹತ್ರನೇ ಇರತ್ತೆ. ಲಿವರಲ್ಲಿ ಬಿ12 ದಾಸ್ತಾನು ಎರಡು ಮೂರು ವರ್ಷ, ಕೆಲವರಿಗೆ ಇನ್ನೂ ಜಾಸ್ತಿನೇ ಬರೋದ್ರಿಂದ, ಈಗ ಕಾಣೋ ಲಕ್ಷಣಕ್ಕೆ ಈಗಿನ ಊಟ ಅಲ್ಲ, ಮೂರು ವರ್ಷದ ಹಿಂದೆ ಬಿಟ್ಟ ಊಟ ಕಾರಣ ಇರ್ಬಹುದು. ಮದುವೆ ಆಗಿ ಸಸ್ಯಾಹಾರಿ ಮನೆಗೆ ಬಂದೋರು, ಹಾಲೂ ಬಿಟ್ಟು ವೀಗನ್ ಆದೋರು ಇಸವಿ ಸಮೇತ ಬರೀರಿ.

ಈಗ ಮಾತ್ರೆ ಕವರ್ ತೆಗೀರಿ. ಶುಗರಿಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡ್ರೆ ಬಿ12 ಹೀರ್ಕೊಳ್ಳೋದು ಕಡಿಮೆ ಆಗತ್ತೆ. ಖಾಲಿ ಹೊಟ್ಟೆಗೆ ತಗೊಳ್ಳೋ ಪ್ಯಾಂಟೊಪ್ರಝೋಲ್, ಒಮೆಪ್ರಝೋಲ್ ತರದ ಗ್ಯಾಸ್ಟ್ರಿಕ್ ಮಾತ್ರೆನೂ ಅಷ್ಟೇ, ಡಾಕ್ಟರ್ ಹದಿನೈದು ದಿನಕ್ಕೆ ಬರೆದಿದ್ದನ್ನ ನಾಲ್ಕು ವರ್ಷ ನುಂಗ್ತಿರೋರು ನಮ್ಮಲ್ಲಿ ಕಡಿಮೆ ಇಲ್ಲ. ಟಿಬಿಗೆ ಐಸೋನಿಯಾಜಿಡ್ ತಗೊಳ್ಳೋರಿಗೆ ಬಿ6 ಇಳಿದು ಕಾಲು ಉರಿ ಬರ್ಬಹುದು, ಅದಕ್ಕೇ ಜೊತೆಗೆ ಪಿರಿಡಾಕ್ಸಿನ್, ಅಂದ್ರೆ ಬಿ6 ಮಾತ್ರೆ ಕೊಡ್ತಾರೆ, ಅದು ಸಣ್ಣ ಮಾತ್ರೆ ಅಂತ ಬಿಟ್ಟುಬಿಡ್ಬೇಡಿ. ಹೊಟ್ಟೆ, ಸಣ್ಣ ಕರುಳಿನ ಆಪರೇಷನ್ ಆಗಿದ್ರೆ ಅದೂ ಬರೀರಿ.

ಬಿಸಿಲಿನ ಲೆಕ್ಕನೂ ಹಾಕಿ. ವಿಟಮಿನ್ ಡಿ ಆಗೋದು ಸುಮಾರು 11ರಿಂದ 3 ಗಂಟೆ ಒಳಗಿನ ಬಿಸಿಲು ಚರ್ಮಕ್ಕೆ ನೇರ ಬಿದ್ದಾಗ. ಆಫೀಸ್ ಕಿಟಕಿ ಗಾಜಿನ ಪಕ್ಕ ಇಡೀ ದಿನ ಕೂತ್ರೂ ಉಪಯೋಗ ಇಲ್ಲ, ಬೇಕಾದ ಕಿರಣನ ಗಾಜು ತಡೆಯತ್ತೆ. ಬೆಳಗಿನ ಜಾವ ಆರು ಗಂಟೆ ವಾಕಿಂಗ್ ಹೃದಯಕ್ಕೆ ಒಳ್ಳೇದು, ವಿಟಮಿನ್ ಡಿಗೆ ಅಲ್ಲ.

ಹಂತ 4: ಕಿಟಕಿ ಹತ್ರ ನಿಂತು ನೋಡ್ಕೊಳ್ಳಿ

ಬಾಯಿಂದ ಶುರು ಮಾಡಿ. ನಾಲಿಗೆ ಹೊರಗೆ ಚಾಚಿ ಟಾರ್ಚ್ ಹಾಕಿ, ಸಣ್ಣ ಸಣ್ಣ ಗುಳ್ಳೆ ತರ ಇರೋ ಒರಟುತನ ಹೋಗಿ ನಯವಾಗಿ, ಕೆಂಪಗೆ ಹೊಳೀತಿದ್ರೆ, ಖಾರದ ಸಾರು ತಿಂದ್ರೆ ಉರಿ ಆಗ್ತಿದ್ರೆ ಬಿ12, ಫೋಲೇಟ್ (ಬಿ9), ಕಬ್ಬಿಣ ಈ ಮೂರರಲ್ಲಿ ಯಾವುದೋ ಕಡಿಮೆ ಇರ್ಬಹುದು. ಬಾಯಿಯ ಎರಡೂ ಮೂಲೆ ಸೀಳಿದ್ರೆ ಬಿ2 ಅಥವಾ ಕಬ್ಬಿಣ, ಆದ್ರೆ ಹಲ್ಲು ಸೆಟ್ ಹಾಕೋ ವಯಸ್ಸಾದೋರಿಗೆ ಎಂಜಲು ನಿಂತು ಫಂಗಸ್ ಆಗಿನೂ ಸೀಳತ್ತೆ. ಒಸಡು ಊದಿ ಮುಟ್ಟಿದ್ರೆ ರಕ್ತ, ಜೊತೆಗೆ ಕಾಲಲ್ಲಿ ಕೂದಲ ಬುಡದಲ್ಲಿ ಕೆಂಪು ಚುಕ್ಕೆ, ಗಾಯ ಬೇಗ ಮಾಯದೇ ಇರೋದು ಇದ್ರೆ ವಿಟಮಿನ್ ಸಿ ನೆನಪಾಗ್ಬೇಕು. ಬರೀ ಒಸಡಿನ ರಕ್ತ ಆದ್ರೆ ಮೊದಲು ಹಲ್ಲಿನ ಡಾಕ್ಟರ್ ಹತ್ರ ಹೋಗಿ.

ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಒಳಗೆ ತೆಳು ಬಿಳುಪು ಇದ್ರೆ ರಕ್ತ ಕಡಿಮೆ ಇರೋ ಸೂಚನೆ. ಮಗು ಸಂಜೆ ಮಬ್ಬಲ್ಲಿ ಮನೆ ಸಾಮಾನಿಗೆ ಡಿಕ್ಕಿ ಹೊಡೀತಾ, ತಟ್ಟೆ ತಡಕಾಡ್ತಾ ಇದ್ರೆ ಇರುಳುಗುರುಡು, ಕಣ್ಣಿನ ಬಿಳಿ ಭಾಗದಲ್ಲಿ ಸೋಪಿನ ನೊರೆ ಅಂಟಿದ ಹಾಗೆ ಮಚ್ಚೆ ಕಂಡ್ರೆ ವಿಟಮಿನ್ ಎ. ಅಂಗನವಾಡಿಲಿ 9 ತಿಂಗಳಿಂದ 5 ವರ್ಷದವರೆಗೆ ಕೊಡೋ ವಿಟಮಿನ್ ಎ ಸಿರಪ್ 9 ಡೋಸ್, ತಾಯಿ ಕಾರ್ಡಲ್ಲಿ ಎಷ್ಟು ಆಗಿದೆ ಅಂತ ಎಣಿಸಿ.

ಉಗುರು ಚಮಚದ ಹಾಗೆ ಗುಳಿ ಬಿದ್ದು, ಅದರ ಮೇಲೆ ಒಂದು ಹನಿ ನೀರು ನಿಲ್ಲೋ ಹಾಗಿದ್ರೆ ಕಬ್ಬಿಣ. ಕಬ್ಬಿಣ ವಿಟಮಿನ್ ಅಲ್ಲ, ಆದ್ರೂ ಇಲ್ಲಿ ಹೇಳ್ತಿರೋದು ಯಾಕಂದ್ರೆ ವಿಟಮಿನ್ ಅಂದ್ಕೊಂಡು ಬರೋ ಹೆಂಗಸರಲ್ಲಿ ಸಿಗೋದು ಬಹಳ ಸಲ ಇದೇ. ಒಂದು ಪ್ರಶ್ನೆ ಮೆತ್ತಗೆ ಕೇಳಿ: ಹಸಿ ಅಕ್ಕಿ, ಬಳಪ, ವಿಭೂತಿ, ಮಣ್ಣು, ಐಸ್ ತಿನ್ಬೇಕು ಅನ್ಸತ್ತಾ ಅಂತ. ನಾಚಿಕೆಗೆ ಯಾರೂ ತಾವಾಗೇ ಹೇಳಲ್ಲ. ಅಕ್ಕಿ ಕೇರೋವಾಗ ಬಾಯಿಗೆ ಹಾಕ್ಕೊಳ್ಳೋದು ಕೆಟ್ಟ ಚಾಳಿ ಅಂತ ಬೈಸ್ಕೊಂಡ ಎಷ್ಟೋ ಹೆಣ್ಣುಮಕ್ಕಳಿಗೆ ಕಬ್ಬಿಣ ತುಂಬಿದ ಮೇಲೆ ಆ ಆಸೆನೇ ಹೋಗತ್ತೆ.

ಬೆರಳಿನ ಗೆಣ್ಣು ಮತ್ತೆ ಚಪ್ಪಲಿ, ಇವೆರಡನ್ನ ಸ್ವಲ್ಪ ನಿಧಾನವಾಗಿ ಹೇಳ್ತೀನಿ. ನಮ್ಮ ದೊಡ್ಡಮ್ಮನ ಕೈ ಬೆರಳಿನ ಗೆಣ್ಣುಗಳು ಮಸಿ ಹಚ್ಚಿದ ಹಾಗೆ ಕಪ್ಪಾಗಿದ್ವು, ಬಟ್ಟೆ ಸೋಪಿಂದ ಆಗಿದ್ದು ಅಂತ ಅವರೇ ಹೇಳ್ತಿದ್ರು, ನಾನೂ ಹೂಂ ಅಂದಿದ್ದೆ. ಆಮೇಲೆ ಹವಾಯಿ ಚಪ್ಪಲಿ ನಡೀತಾ ನಡೀತಾ ಕಾಲಿಂದ ಜಾರಿ ಹೋಗೋಕೆ ಶುರುವಾಯ್ತು, ಜಾರಿದ್ದೇ ಗೊತ್ತಾಗ್ತಿರ್ಲಿಲ್ಲ, ನಾಲ್ಕು ಹೆಜ್ಜೆ ಆದ್ಮೇಲೆ ಹಿಂದೆ ಬಿದ್ದಿರೋದನ್ನ ಮೊಮ್ಮಗ ಎತ್ಕೊಂಡ್ ಬರ್ತಿದ್ದ. ಸೈಜ್ ಲೂಸ್ ಅಂತ ಹೊಸ ಜೊತೆ ತಂದ್ವಿ, ಅದೂ ಜಾರ್ತು. ಒಂದಿನ ಬಚ್ಚಲಲ್ಲಿ ಮುಖಕ್ಕೆ ಸೋಪ್ ಹಚ್ಚಿ ಕಣ್ಣು ಮುಚ್ಚಿದಾಗ ವಾಲಿ ಗೋಡೆಗೆ ಹಣೆ ಹೊಡೆಸ್ಕೊಂಡ್ರು. ಆಗ ಹೊಳೀತು ನಂಗೆ. ಒಂಬತ್ತು ವರ್ಷದಿಂದ ಮೆಟ್‌ಫಾರ್ಮಿನ್, ಮೊಟ್ಟೆನೂ ಮುಟ್ಟಲ್ಲ. ಬಿ12 ಮಾಡಿಸಿದ್ರೆ 126, 200ರ ಕೆಳಗೆ ಬಂದ್ರೇನೇ ಕೊರತೆ. ಹಿಮೋಗ್ಲೋಬಿನ್ 12.4, ಅದನ್ನೊಂದೇ ನೋಡಿದ್ರೆ ಏನೂ ಇಲ್ಲ ಅಂತ ಕಳಿಸ್ಬಿಡ್ತಿದ್ರು. ಕಾಲಲ್ಲಿ ಸ್ಪರ್ಶ ಕಡಿಮೆ ಆದ್ರೆ ದೇಹ ಕಣ್ಣನ್ನ ನಂಬ್ಕೊಂಡು ನಿಂತಿರತ್ತೆ, ಕಣ್ಣು ಮುಚ್ಚಿದ ಕೂಡ್ಲೇ ವಾಲತ್ತೆ. ಇದನ್ನ ಮನೇಲೇ ನೋಡ್ಬಹುದು, ಎರಡೂ ಪಾದ ಜೋಡಿಸಿ ನಿಲ್ಸಿ, ಪಕ್ಕದಲ್ಲಿ ಒಬ್ರು ಹಿಡಿಯೋಕೆ ರೆಡಿ ಇರ್ಲಿ, ಅರ್ಧ ನಿಮಿಷ ಕಣ್ಣು ಮುಚ್ಚಿಸಿ. ಒಬ್ಬರೇ ಇದ್ದಾಗ ಮಾಡ್ಲೇಬೇಡಿ.

ಶುಗರ್ ಇರೋರಿಗೆ ಕಾಲು ಜೋಮು ಬಂದ್ರೆ ಎಲ್ಲಾ ಶುಗರ್ ತಲೆಗೇ ಕಟ್ಟೋದು ರೂಢಿ ಆಗ್ಬಿಟ್ಟಿದೆ. ಎರಡೂ ಒಂದೇ ತರ ಕಾಣತ್ತೆ, ಬಿ12 ಟೆಸ್ಟ್ ಮಾಡ್ದೆ ಬೇರೆ ಮಾಡಿ ಹೇಳೋಕಾಗಲ್ಲ.

ವಿಟಮಿನ್ ಡಿ ಕೊರತೆ ದೊಡ್ಡೋರಲ್ಲಿ ಹೊರಗೆ ಏನೂ ತೋರ್ಸಲ್ಲ. ನೆಲದಿಂದ ಏಳೋಕೆ ಕೈ ಊರ್ಬೇಕು, ಬಸ್ ಮೆಟ್ಲು ಹತ್ತೋಕೆ ತೊಡೆ ಸೋಲತ್ತೆ, ಮೊಣಕಾಲು ಕೆಳಗಿನ ಮುಂದಿನ ಮೂಳೆ ಒತ್ತಿದ್ರೆ ನೋವು, ಹೀಗೆ ಇರತ್ತೆ. ಮಕ್ಕಳಲ್ಲಿ ಕಾಲು ಬಿಲ್ಲಿನ ಹಾಗೆ ಬಾಗೋದು, ಮಣಿಕಟ್ಟು ದಪ್ಪ ಆಗೋದು.

ಹಂತ 5: ದಾರಿ ತಪ್ಪಿಸೋ ಗುರುತುಗಳನ್ನ ಬದಿಗಿಡಿ

ಉಗುರಿನ ಮೇಲೆ ಬಿಳಿ ಚುಕ್ಕೆ ಕ್ಯಾಲ್ಸಿಯಂ ಕಡಿಮೆ ಅಂತಾರೆ, ಬಹಳ ಸಲ ಅದು ಉಗುರಿಗೆ ಬಿದ್ದ ಸಣ್ಣ ಪೆಟ್ಟು. ಮಕ್ಕಳ ಕೆನ್ನೆ ಮೇಲೆ ಮಾಸಲು ಬಿಳಿ ಮಚ್ಚೆ ಜಂತುಹುಳ, ಕ್ಯಾಲ್ಸಿಯಂ ಅಂತಾರೆ, ಅದು ಹೆಚ್ಚಾಗಿ ಒಣ ಚರ್ಮದ ಸಮಸ್ಯೆ. ಕೂದಲು ಉದುರೋದಕ್ಕೆ ಥೈರಾಯ್ಡ್, ಕಬ್ಬಿಣ, ಡೆಂಗ್ಯೂ ತರದ ಜ್ವರ ಬಂದು ಮೂರು ತಿಂಗಳಾಗಿರೋದು, ಬಾಣಂತನ, ಇವನ್ನ ನೋಡಿದ ಮೇಲೆ ವಿಟಮಿನ್. ಕುತ್ತಿಗೆ ಹಿಂದೆ ಮಖಮಲ್ ತರ ದಪ್ಪ ಕಪ್ಪು ಆದ್ರೆ ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರೋ ಗುರುತು, ಶುಗರ್ ಟೆಸ್ಟ್ ಮಾಡಿಸಿ, ಉಜ್ಜಿ ತೊಳೆದ್ರೆ ಹೋಗಲ್ಲ.

ಹಂತ 6: ಟೆಸ್ಟ್, ಮಾತ್ರೆಗಿಂತ ಮುಂಚೆ

"ಫುಲ್ ಬಾಡಿ ಪ್ಯಾಕೇಜ್" ಬೇಡ. ನೋಟ್‌ಬುಕ್ ಡಾಕ್ಟರಿಗೆ ತೋರ್ಸಿ, ಸಾಮಾನ್ಯವಾಗಿ ಬೇಕಾಗೋದು ಸಿಬಿಸಿ (ರಕ್ತ ಕಣಗಳ ಲೆಕ್ಕ), ಬಿ12, ಫೆರಿಟಿನ್ (ಮೈಯಲ್ಲಿರೋ ಕಬ್ಬಿಣದ ದಾಸ್ತಾನು), ಥೈರಾಯ್ಡ್, ಶುಗರ್, ಮೂಳೆ ನೋವಿದ್ರೆ 25 ಹೈಡ್ರಾಕ್ಸಿ ವಿಟಮಿನ್ ಡಿ. ಡಿಗೆ 1,25 ಅಂತ ಇನ್ನೊಂದು ಟೆಸ್ಟ್ ಇದೆ, ಕೊರತೆ ನೋಡೋಕೆ ಅದಲ್ಲ, ಬುಕ್ ಮಾಡೋವಾಗ ಹೆಸರು ಸರಿಯಾಗಿ ನೋಡಿ.

ಬಿ12 ಇಂಜೆಕ್ಷನ್ ಆಗ್ಲೇ ತಗೊಂಡಿದ್ರೆ ಮುಚ್ಚಿಡ್ಬೇಡಿ, ಯಾವ ತಾರೀಖು ಅಂತ ಲ್ಯಾಬಿಗೂ ಡಾಕ್ಟರಿಗೂ ಹೇಳಿ, ವಾರಗಟ್ಟಲೆ ಲೆವೆಲ್ ಮೇಲೇ ಇರತ್ತೆ. ಕೂದಲಿನ ಗಮ್ಮಿಲಿ ಬಯೋಟಿನ್ ಅನ್ನೋ ವಿಟಮಿನ್ ಜಾಸ್ತಿ ಡೋಸಲ್ಲಿ ಇರ್ಬಹುದು, ಅದು ಥೈರಾಯ್ಡ್ ರಿಪೋರ್ಟನ್ನೂ, ಹಾರ್ಟ್ ಅಟ್ಯಾಕಿಗೆ ಮಾಡೋ ಟ್ರೋಪೋನಿನ್ ಟೆಸ್ಟನ್ನೂ ತಪ್ಪಾಗಿ ತೋರ್ಸ್ಬಹುದು, ಎರಡು ಮೂರು ದಿನ ಮುಂಚೆನೇ ನಿಲ್ಸಿ ಬನ್ನಿ. ನಾವು ಕೇಳ್ದೇ ಇದ್ರೂ ನೀವೇ ಹೇಳಿ.

ಹಂತ 7: ರಿಪೋರ್ಟ್ ಓದೋದು

ಬಿ12 200 ಪಿಕೋಗ್ರಾಂಗಿಂತ ಕೆಳಗೆ ಅಂದ್ರೆ ಕೊರತೆ. 200ರಿಂದ 300 ಒಳಗೆ ಬಂದು ಜೋಮು ಇದ್ರೆ "ರೇಂಜಲ್ಲೇ ಇದೆಯಲ್ಲ" ಅಂತ ಎದ್ದು ಬರ್ಬೇಡಿ, ದೇಹಕ್ಕೆ ಬಿ12 ಸಾಲ್ತಿದೆಯಾ ಅಂತ ತೋರ್ಸೋ ಹೋಮೋಸಿಸ್ಟೀನ್ ಅಥವಾ ಎಂಎಂಎ ಟೆಸ್ಟ್ ಬೇಕಾ ಅಂತ ಕೇಳಿ. ಹೊರದೇಶದಲ್ಲಿರೋ ನಮ್ಮೋರು ರಿಪೋರ್ಟ್ ಕಳಿಸಿ ಗಾಬರಿ ಆಗೋದು ಯೂನಿಟ್ ನೋಡ್ದೆ: ಆಸ್ಟ್ರೇಲಿಯಾ ಕಡೆ, ಬ್ರಿಟನ್ನಿನ ಕೆಲವು ಲ್ಯಾಬಲ್ಲಿ ಬಿ12 ಪಿಕೋಮೋಲಲ್ಲಿ ಬರತ್ತೆ, ಅಲ್ಲಿನ 148 ಅಂದ್ರೆ ಇಲ್ಲಿನ 200. ವಿಟಮಿನ್ ಡಿ ನ್ಯಾನೋಮೋಲಲ್ಲಿ ಬಂದ್ರೆ 2.5ರಿಂದ ಭಾಗಿಸಿ, ಅಲ್ಲಿ 50 ಅಂದ್ರೆ ಇಲ್ಲಿ 20.

ಸಿಬಿಸಿಲಿ ಎಂಸಿವಿ ಅಂತ ಒಂದು ಸಾಲಿರತ್ತೆ, ಕೆಂಪು ಕಣದ ಗಾತ್ರ. ಬಿ12 ಕಡಿಮೆ ಆದ್ರೆ ಬಹಳ ಸಲ 100 ದಾಟತ್ತೆ, ಕಬ್ಬಿಣ ಕಡಿಮೆ ಆದ್ರೆ ಬಹಳ ಸಲ 80ರ ಕೆಳಗೆ ಇಳಿಯತ್ತೆ. ಎರಡೂ ಕಡಿಮೆ ಇದ್ರೆ ಒಂದು ಎಳೆದು ಇನ್ನೊಂದು ತಳ್ಳಿ ಸರಾಸರಿ 88 ಅಂತ ಚೆನ್ನಾಗೇ ಕಾಣತ್ತೆ, ನಮ್ಮ ಕಡೆ ಹೆಂಗಸರಲ್ಲಿ ಇದನ್ನ ತುಂಬಾ ನೋಡ್ತೀನಿ. ಆಗ ಪಕ್ಕದ ಆರ್‌ಡಿಡಬ್ಲ್ಯೂ ನೋಡಿ, ಅದು ಮೇಲಿದ್ರೆ ಕಣಗಳು ಒಂದೊಂದು ಒಂದೊಂದು ಗಾತ್ರದಲ್ಲಿವೆ ಅಂತ ಅರ್ಥ.

ಮಾತ್ರೆನೇ ತಗೊಳ್ದೇ ಬಿ12 ತುಂಬಾ ಮೇಲೆ ಬಂದ್ರೆ ಖುಷಿ ಪಡ್ಬೇಡಿ, ಲಿವರ್, ರಕ್ತದ ಕಾಯಿಲೆಲೂ ಹಾಗಾಗತ್ತೆ, ತೋರ್ಸಿ.

ಹಂತ 8: ಔಷಧಿ ಶುರುವಾದ ಮೇಲೆ ಆಗೋ ತಪ್ಪುಗಳು

ಮೊದಲನೇದು ತುಂಬಾ ಅಪಾಯದ್ದು. ಬಿ12 ಕಡಿಮೆ ಇರೋರು ಬರೀ ಫೋಲಿಕ್ ಆಸಿಡ್ (ಮಾತ್ರೆ ರೂಪದ ಫೋಲೇಟ್) ತಗೊಂಡ್ರೆ ಹಿಮೋಗ್ಲೋಬಿನ್ ಏರತ್ತೆ, ಮುಖಕ್ಕೆ ಕಳೆ ಬರತ್ತೆ, ಎಲ್ರೂ ವಾಸಿ ಆಯ್ತು ಅಂತಾರೆ, ನರ ಮಾತ್ರ ಹಾಳಾಗ್ತಾನೇ ಹೋಗತ್ತೆ.

ವಿಟಮಿನ್ ಡಿ 60,000 ಯೂನಿಟ್ ಮಾತ್ರೆ, ಸ್ಯಾಶೆ ವಾರಕ್ಕೊಂದು, ಅದೂ ಸಾಮಾನ್ಯವಾಗಿ 8 ವಾರ. ಚೀಟಿ ಸರಿಯಾಗಿ ಓದ್ದೆ ದಿನಾ ಒಂದು ತಗೊಂಡೋರಿದ್ದಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ, ವಿಪರೀತ ಬಾಯಾರಿಕೆ, ಮಲಬದ್ಧತೆ, ಗೊಂದಲ, ಕಿಡ್ನಿಗೆ ತೊಂದರೆ ಆಗತ್ತೆ. ಫ್ರಿಜ್ ಮೇಲೆ ಕ್ಯಾಲೆಂಡರಲ್ಲಿ "ಭಾನುವಾರ, ಊಟ ಆದ್ಮೇಲೆ" ಅಂತ ಬರೆದು ತಗೊಂಡ ದಿನಕ್ಕೆ ಸುತ್ತು ಹಾಕಿ.

ನರದ ಮಾತ್ರೆಗಳಲ್ಲಿ ಬಿ6 ಕೂಡ ಇರತ್ತೆ, ಸ್ಟ್ರಿಪ್ ಹಿಂದೆ ಪಿರಿಡಾಕ್ಸಿನ್ ಅಂತ ಎಷ್ಟು ಮಿಲಿಗ್ರಾಂ ಬರೆದಿದೆ ನೋಡಿ, ದೊಡ್ಡ ಡೋಸ್ ವರ್ಷಗಟ್ಟಲೆ ನುಂಗಿದ್ರೆ ಅದೇ ಜೋಮು ತರತ್ತೆ. ಜೋಮು ಹೋಗ್ಲಿ ಅಂತ ಇನ್ನೊಂದು ಜಾಸ್ತಿ ಮಾಡೋದು ಉಲ್ಟಾ ಹೊಡೆಯತ್ತೆ. ಕಬ್ಬಿಣದ ಮಾತ್ರೆ ಜೊತೆ ಕಾಫಿ ಟೀ ಬೇಡ, ಒಂದೆರಡು ಗಂಟೆ ಬಿಡಿ, ನಿಂಬೆ ಪಾನಕ ಕುಡೀರಿ, ಈ ಮಾತ್ರೆಯಿಂದ ಮಲ ಕಪ್ಪಾಗತ್ತೆ ಗಾಬರಿ ಬೇಡ, ಹಂತ 1ರಲ್ಲಿ ಹೇಳಿದ ಟಾರಿನ ತರದ್ದು ಬೇರೆ. ಬಿ ಕಾಂಪ್ಲೆಕ್ಸ್ ತಗೊಂಡಾಗ ಮೂತ್ರ ಗಾಢ ಹಳದಿ ಆಗೋದು ಬಿ2ದು, ಅದೂ ಸರಿನೇ. ಅಡುಗೇಲಿ ಒಂದು ಬದಲಾವಣೆ ಸುಲಭ: ಅನ್ನದ ಗಂಜಿ ಬಸಿದು ಚೆಲ್ಲಿದ್ರೆ ಬಿ1 ಅದರ ಜೊತೆ ಹೋಗತ್ತೆ. ಸೊಪ್ಪು ಬೇಯಿಸಿದ ನೀರಲ್ಲೇ ಬಸ್ಸಾರು ಮಾಡೋ ಮನೆಯೋರು ಮಾಡ್ತಿರೋದು ಸರಿ.

ಎಷ್ಟು ದಿನಕ್ಕೆ ಗೊತ್ತಾಗತ್ತೆ? ಬಿ12 ಸರಿಯಾಗಿ ಕೊಟ್ರೆ ವಾರದಲ್ಲಿ ಹೊಸ ರಕ್ತ ಕಣ ಏಳತ್ತೆ, ಹಿಮೋಗ್ಲೋಬಿನ್ ಸರಿ ಹೋಗೋಕೆ ಎರಡು ತಿಂಗಳು, ನರಕ್ಕೆ ಆರು ತಿಂಗಳು, ವರ್ಷ. ಶುರುವಿನಲ್ಲಿ ಉರಿ ಸ್ವಲ್ಪ ಜಾಸ್ತಿ ಅನ್ನಿಸ್ಬಹುದು, ಅದಕ್ಕೆ ಹೆದರಿ ನಿಲ್ಸೋರೇ ಜಾಸ್ತಿ. ದೊಡ್ಡಮ್ಮನ ಗೆಣ್ಣಿನ ಕಪ್ಪು ಮೂರು ತಿಂಗಳಿಗೆ ತಿಳಿಯಾಯ್ತು, ಚಪ್ಪಲಿ ನಿಲ್ಲೋಕೆ ಎಂಟು ತಿಂಗಳಾಯ್ತು, ಎಡಗಾಲಿನ ಹೆಬ್ಬೆರಳಲ್ಲಿ ಈಗ್ಲೂ ಸ್ವಲ್ಪ ಮರಗಟ್ಟಿದೆ, ಅದು ಪೂರ್ತಿ ಹೋಗಲ್ಲ ಅಂತ ಡಾಕ್ಟರ್ ಹೇಳಿದ್ದಾರೆ.

ಇಂಜೆಕ್ಷನ್ ಕೋರ್ಸ್ ಮುಗೀತು ಅಂದ್ರೆ ಕೆಲಸ ಮುಗೀತು ಅಂತಲ್ಲ. ಕಾರಣ ಅಲ್ಲೇ ಇದ್ರೆ, ಅಂದ್ರೆ ಅದೇ ಊಟ, ಅದೇ ಮೆಟ್‌ಫಾರ್ಮಿನ್, ಮತ್ತೆ ಇಳಿಯತ್ತೆ, ಮುಂದುವರಿಸೋ ಡೋಸ್ ಎಷ್ಟು, ಮತ್ತೆ ಟೆಸ್ಟ್ ಯಾವಾಗ ಅಂತ ಚೀಟಿಲೇ ಬರೆಸ್ಕೊಳ್ಳಿ. ಮನೇಲಿ ಒಬ್ಬರಿಗೆ ಸಿಕ್ರೆ ಅದೇ ಒಲೆ ಅಡುಗೆ ಉಣ್ಣೋ ಉಳಿದೋರ ನೋಟ್‌ಬುಕ್ಕೂ ತೆಗೀರಿ, ಬಸುರಿ, ಬಾಣಂತಿ ಇದ್ರೆ ಅವರದ್ದೇ ಮೊದಲು.